ತತ್ತಿಯೊಳಗಿನ ದನಿ

"ನಿಂದ್ರು ಯವ್ವಾ, ಕಾಲ ಇಡಬ್ಯಾಡ!"

ಮಗಳು ವಿಶಾಖಾ ಕೂಗಿದ್ದೇ ತಡ, ಪಂಚಶೀಲಾ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದಳು. ಹತ್ತಿಕುಣಿ ಕೆರೆಯ ದಂಡೆಯ ಹರಳುಗಳ ನಡುವೆ ಹರಳಿನದೇ ಬಣ್ಣದ ತತ್ತಿಗಳಿದ್ದವು. ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇನೆಂದು ಹಟ ಹಿಡಿದವಳು ಪಂಚಶೀಲಾ. ಇಂದು ಬಯಲಿನಲ್ಲಿ ಮೊದಲ ಪಾಠ. ತನ್ನಿಂದ ಆದೀತೇ ಎಂಬ ಅಳುಕು ಬೆಳಗಿನಿಂದಲೂ ಎದೆಯಲ್ಲಿ ಕೂತಿತ್ತು.

ಇಬ್ಬರೂ ಬಾಗಿ ನೋಡಿದರು. ಒಂದು ತತ್ತಿ ಕೂದಲೆಳೆಯಷ್ಟು ಬಿರಿದಿತ್ತು. ಒಳಗಿಂದ ಚಿಂವ್ ಚಿಂವ್ ಎಂಬ ಸಣ್ಣ ದನಿ. "ಒಳಗಿಂದ ಮಾತಾಡಾಕತ್ತೈತಿ!" ಎಂದಳು ವಿಶಾಖಾ. ಅಷ್ಟರಲ್ಲಿ ತಾಯಿ ಟಿಟ್ಟಿಭ ಹಕ್ಕಿ ಅವರ ತಲೆಯ ಮೇಲೆ ಸುತ್ತುತ್ತ ಗಾಬರಿಯಿಂದ ಚೀರಿತು. ತಟ್ಟನೆ ತತ್ತಿಯೊಳಗಿನ ದನಿ ನಿಂತುಹೋಯಿತು. ಹಕ್ಕಿ ಸುಮ್ಮನಾದಾಗ ಮತ್ತೆ ಶುರುವಾಯಿತು; ಅದು ಚೀರಿದೊಡನೆ ಮತ್ತೆ ನಿಂತಿತು.

"ಇನ್ನಾ ಹುಟ್ಟೇ ಇಲ್ಲ," ವಿಶಾಖಾ ಪಿಸುಗುಟ್ಟಿದಳು, "ಆಗಲೇ ಅವ್ವ ಹೇಳಿದ್ದು ತಿಳೀತೈತಿ ನೋಡು."

ಪಂಚಶೀಲಾಳಿಗೆ ಮೈ ಜುಮ್ಮೆಂದಿತು. ಮಗಳ ಕೈ ಹಿಡಿದು ಸದ್ದಾಗದಂತೆ ದೂರ ಸರಿದಳು. ಹಕ್ಕಿ ಇಳಿದು ಬಂದು, ಎದೆಗರಿ ಹರವಿ ತತ್ತಿಗಳ ಮೇಲೆ ಕೂತಿತು.

"ಈಗ ಪಾಠ ಹೇಳ್ತಿಯೇನ್ ಯವ್ವಾ?"

"ಇಲ್ಲೇ ಕೂಡು ಬಾರವ್ವ," ಎಂದು ಪಂಚಶೀಲಾ ನೆಲದ ಮೇಲೆ ಕೂತುಬಿಟ್ಟಳು. "ಮರಿ ಹೊರಗ ಬರೂದು ನಾನೂ ಎಂದೂ ನೋಡಿಲ್ಲ."