ಮಸಿ ಬಳಿದ ಹುಂಜ

ಕೆಂಪು ಕಂಡರೆ ಸಾಕು, ಹಾರುಬಲೆಗಳು ಆಕಾಶದಿಂದ ಇಳಿದು ಎತ್ತಿಕೊಂಡು ಹೋಗುತ್ತವೆ. ಅದಕ್ಕೇ ನಮ್ಮ ಬೀದಿಯಲ್ಲಿ ಯಾರೂ ಕುಂಕುಮ ಇಡುವುದಿಲ್ಲ. ಕೋಳಿಗಳ ಜುಟ್ಟಿಗೂ ಬೆಳಗೆದ್ದು ಮಸಿ ಬಳಿಯುತ್ತೇವೆ. ನನಗೋ ಚೆಂದದ ಕೋಳಿಗಳ ತಳಿ ಬೆರೆಸುವ ಹುಚ್ಚು. ಗುಂಗುರು ಪುಕ್ಕದ ಬಿಳಿ ಹೇಂಟೆಗೆ ಉದ್ದ ಬಾಲದ ಕಪ್ಪು ಹುಂಜ ಕೂಡಿಸಿದರೆ, ಹುಟ್ಟಿದ ಗಂಡು ಮರಿ ಬೆಳೆಯುತ್ತಾ ಮೈಯೆಲ್ಲ ಕೆಂಡದಂತೆ ಕೆಂಪಾಯಿತು. ಕುಯ್ಯಲು ಕೈ ಬರಲಿಲ್ಲ. ದಿನಾ ಮಸಿ ಬಳಿದು ಸಾಕಿದೆ.

ಇವತ್ತು ಅದು ಅಂಗಳದಲ್ಲಿದ್ದಾಗ ಮಳೆ ಹನಿಯಿತು.

“ಅಕ್ಕಯ್ಯೋ, ನಿನ್ ಶೋಕಿ ಹುಂಜದ ಮಸಿ ಇಳೀತೈತೆ!” ಪಕ್ಕದ ಮನೆಯ ದೇವೀರಿ ಕಿರುಚಿ ಬಾಗಿಲು ಹಾಕಿಕೊಂಡಳು.

ಓಡಿಹೋಗಿ ಹುಂಜವನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹಾರುಬಲೆಯ ನೆರಳು ನಮ್ಮನ್ನು ದಾಟಿತು. ಉಸಿರು ಬಿಟ್ಟೆ. ಅಷ್ಟರಲ್ಲಿ ಹುಂಜ ಕೊಸರಾಡಿ ನನ್ನ ಮುಂಗೈ ಗೀರಿತು. ಬಿಳಿ ಸೀರೆಯ ಮೇಲೆ ರಕ್ತ ಹರಡಿತು.

ದಾಟಿಹೋಗಿದ್ದ ನೆರಳು ನಿಂತು, ನಿಧಾನವಾಗಿ ಹಿಂದಕ್ಕೆ ಬಂತು.