ಒಂದೇ ಮುಖದ ಪಾಠ

"ಇದು ಕಳವು ಅದರಿ ಅಕ್ಕಾ," ಎಂದು ಅಂಬಾದಾಸ ಲಾಕ್ ಆದ ಟ್ಯಾಬನ್ನು ಹುಲಿಗೆವ್ವನ ಮುಖಕ್ಕೆ ಹಿಡಿದ. ಮರಾಠಿ ಪಾಠದ ಆ್ಯಪ್ ಮಾರುವ ಕಂಪನಿಯವನು ಅವನು. ಪುಣೆ ಹತ್ತಿರದ ಹಿಂಜವಾಡಿಯ ಗಾರೆ ಕೆಲಸದವರ ತಗಡಿನ ಶೆಡ್ಡಿನವರೆಗೂ ಹುಡುಕಿಕೊಂಡು ಬಂದಿದ್ದ. "ಪಾಠ ಕಂಪನಿದು. ನೀವು ತಗೊಂಡಿದ್ದು ದೊಡ್ಡ ಮಗಳು ಶಿವಕಾಂತಾ ಒಬ್ಬಾಕಿ ಸಲುವಾಗಿ. ಕ್ಯಾಮೆರಾದಾಗ ಇನ್ನೊಂದು ಮುಖ ಕಂಡದ."

"ಅಕ್ಕನ ಪುಸ್ತಕ ತಂಗಿ ಓದಿದ್ರ ಕಳವೇನೋ?" ಹುಲಿಗೆವ್ವ ಸಿಮೆಂಟು ಮೆತ್ತಿದ ಕೈಯನ್ನು ಅವನ ಮೂಗಿನ ಹತ್ತಿರಕ್ಕೇ ಒಯ್ದಳು. "ನಿನ್ನ ಕ್ಯಾಮೆರಾಕ್ಕ ಅಂಜಿ ನನ್ನ ಸಣ್ಣ ಮಗಳು ಮಾಯಾ ಒಂದು ವರ್ಷಾತು, ಅಕ್ಕನ ಬಾಜೂಕ ಕುಂತಿಲ್ಲ. ಟ್ಯಾಬ್ ನೆಲದ ಮ್ಯಾಲಿಟ್ಟು ಅಕ್ಕ ಈ ಕಡೆ ಕುಂತ್ರ, ಇಕಿ ಆ ಕಡೆ ಎದುರಿಗೆ ದೂರ. ನಿನ್ನಿ ಒಮ್ಮೆ ಬಗ್ಗಿ ನೋಡ್ಯಾಳ, ಅಷ್ಟ."

"ಅಷ್ಟು ದೂರ ಕುಂತು ಏನು ಕಲಿತಾಳ್ರಿ?" ಅಂಬಾದಾಸ ನಕ್ಕು, ಕಂಪನಿಯ ಮರಾಠಿ ಜಾಹೀರಾತಿನ ಹಾಳೆಯೊಂದನ್ನು ಮಾಯಾಳ ಕೈಗೆ ತುರುಕಿದ. ಏಳು ವರ್ಷದ ಅವಳು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. "ಓದು ನೋಡೋಣ."

ಅವಳು ಹಾಳೆಯನ್ನು ನೆಲದ ಮೇಲಿಟ್ಟು ತಲೆಕೆಳಗು ಮಾಡಿಕೊಂಡಳು. ಆಮೇಲೆ ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದತೊಡಗಿದಳು.

ಅಂಬಾದಾಸ ಬಗ್ಗಿ ಹಾಳೆಯನ್ನು ನೆಟ್ಟಗೆ ತಿರುಗಿಸಿದ. ಅವಳ ಓದು ಅಲ್ಲೇ ನಿಂತುಹೋಯಿತು.