ಕೊರವಂಜಿಯ ಬುಟ್ಟಿ

ಹಸಿ ಬಿದಿರಿನ ವಾಸನೆ ಮೂಗಿಗೆ ಬಿದ್ದರೆ ಆ ಹಾಡು ಈಗಲೂ ನಾಲಿಗೆಯ ತುದಿಗೆ ಬರುತ್ತದೆ; ನುಂಗಿಕೊಳ್ಳುತ್ತೇನೆ.

ಆವತಿಯ ಹತ್ತಿರದ ನಮ್ಮೂರ ಶಾಲೆಯ ಹಾಡಿನ ನಾಟಕದಲ್ಲಿ ನಾನು ಕೋಳಿ ಕದಿಯುವ ಕೊರವಂಜಿ. ಮೇಷ್ಟ್ರು ನನ್ನ ಮುಖಕ್ಕೆ ಮಸಿ ಬಳಿದರು. ಬುಟ್ಟಿ ಕೊಟ್ಟವಳು ಊರಾಚೆ ಬಿದಿರು ಹೆಣೆಯುತ್ತಿದ್ದ ಕೊರಮರ ಮುನಿಯಮ್ಮ. ಅದನ್ನು ಸೊಂಟಕ್ಕೆ ಒತ್ತಿ ಹಿಡಿಯುವುದನ್ನೂ ಅವಳೇ ಕಲಿಸಿದ್ದಳು. "ಹಿಂಗೆ ಹಿಡ್ಕೊಂಡ್ರೆ ಜಾರಲ್ಲ ಕಣವ್ವ."

ಆ ಮಧ್ಯಾಹ್ನ ಅವಳೂ ನಾಟಕ ನೋಡಲು ಬಂದಿದ್ದಳು. ನಾನು ಹಾಡುತ್ತಾ ಬಟ್ಟೆಯ ಕೋಳಿಯನ್ನು ಬುಟ್ಟಿಯೊಳಗೆ ಅಡಗಿಸಿದಾಗ ಊರೇ ನಕ್ಕಿತು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಥೇಟ್ ಅವರಂಗೇ ಮಾಡ್ಬಿಟ್ಟೆ ಕಣೇ!" ಅಂದಳು.

ನಾಟಕ ಮುಗಿದ ಮೇಲೆ ಮುನಿಯಮ್ಮ ಬುಟ್ಟಿ ಇಸಿದುಕೊಂಡಳು. ಯಾರೂ ಕೇಳದಿದ್ದರೂ ಅದನ್ನು ಮೇಷ್ಟ್ರ ಮುಂದೆ ಬೋರಲು ಹಿಡಿದು, "ಏನೂ ಇಲ್ಲ, ನೋಡ್ಕಳಿ ಸ್ವಾಮಿ," ಎಂದು ತೋರಿಸಿ ಹೋದಳು.